ಎಂಟು ಗಂಟೆಯ ಇನ್ಸುಲಿನ್

ಸಮು ಕತ್ತಲಾದ ಮೇಲೆ ಕದ್ದು ನೀರು ಕುಡಿಯುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ದಶಲಕ್ಷಣ ಪರ್ವದ ನಾಲ್ಕನೆಯ ದಿನ.

ಸಮು ಅಂದರೆ ಸಮೀಕ್ಷಾ, ನನ್ನ ಮೊಮ್ಮಗಳು. ಹನ್ನೊಂದು ವರ್ಷ, ಆರನೆಯ ತರಗತಿ. ನಾವು ಜೈನರು, ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ. ಹೊತ್ತು ಮುಳುಗಿದ ಮೇಲೆ ನಾನು ಬಾಯಿಗೆ ಏನೂ ಹಾಕುವುದಿಲ್ಲ, ನೀರು ಕೂಡ. ನಲವತ್ತು ವರ್ಷದ ನೇಮ. ಮಗ ಅಜಿತನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿಯ ಕೆಲಸ. ಸೊಸೆ ತ್ರಿಶಲಾ ಖಾನಾಪುರದ ಬ್ಯಾಂಕೊಂದರಲ್ಲಿದ್ದಾಳೆ, ಮನೆಗೆ ಬರುವುದೇ ಏಳೂವರೆಗೆ. ಅವರಿಬ್ಬರಿಂದ ಈ ನೇಮ ಆಗದು. ಸಮು ಮಾತ್ರ ಸಣ್ಣವಳಿದ್ದಾಗಿನಿಂದ ನನ್ನ ಪಕ್ಕ ಕೂತು ಆರು ಗಂಟೆಗೇ ಉಣ್ಣುತ್ತಾಳೆ. ಈ ಸಲ ಪರ್ವದ ಹತ್ತೂ ದಿನ ತಾನೂ ರಾತ್ರಿ ನೀರು ಮುಟ್ಟುವುದಿಲ್ಲ ಎಂದು ತಾನಾಗಿಯೇ ಹೇಳಿದ್ದಳು. ನನಗೆ ಹೆಮ್ಮೆಯಾಗಿತ್ತು. ಬಸದಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೂ ಬಂದಿದ್ದೆ.

ಅವಳು ಬಚ್ಚಲಲ್ಲಿ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು.

"ಹತ್ತ ದಿವ್ಸ ತಡಕೊಳ್ಳಾಕ ಆಗೂದಿಲ್ಲಂದ್ರ ಮಾಡ್ತೇನಂತ ಯಾಕ ಹೇಳಿದಿ?" ಎಂದು ಕೇಳಿದೆ.

"ಭಾಳ ನೀರಡಿಕಿ ಆಕೈತಿ ಆಯಿ," ಎಂದಳು.

ನಾನು ಖಾನಾಪುರದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು. ಮಕ್ಕಳ ನೆವಗಳನ್ನೆಲ್ಲ ಅರೆದು ಕುಡಿದಿದ್ದೇನೆ ಎಂಬ ಜಂಬ ನನ್ನದು. ಇದೂ ಒಂದು ನೆವ ಎಂದುಕೊಂಡೆ. ಮೂರು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬಿದ್ದವು. ಶಾಲೆಯ ಸ್ಕರ್ಟು ಸೊಂಟದಿಂದ ಜಾರುತ್ತಿತ್ತು, ಪಿನ್ನು ಹಾಕಿಕೊಟ್ಟೆ. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದಳು. ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಹನ್ನೊಂದು ವರ್ಷದ ಹುಡುಗಿ, ನಾಚಿಕೆಯಿಂದ ಮುಖ ಎತ್ತಲಿಲ್ಲ. ಹವೆ ಬದಲಾದದ್ದಕ್ಕೆ ಹೀಗಾಗಿದೆ ಎಂದರು ಒಬ್ಬರು. ದೃಷ್ಟಿಯಾಗಿದೆ ಎಂದರು ಇನ್ನೊಬ್ಬರು. ಪರ್ವ ಮುಗಿದ ಮರುದಿನ ವಾಂತಿ ಶುರುವಾಯಿತು. ಸಂಜೆಯ ಹೊತ್ತಿಗೆ ಮಲಗಿದ್ದಲ್ಲೇ ಓಡಿ ಬಂದವಳಂತೆ ಏದುಸಿರು ಬಿಡತೊಡಗಿದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರು. ಶುಗರ್ ನಾನ್ನೂರ ಎಂಬತ್ತಾರು.

ಮೂರು ದಿನ ಐಸಿಯುನಲ್ಲಿದ್ದಳು. ಮಕ್ಕಳ ಡಾಕ್ಟರು ಹೊರಗೆ ಕರೆದು, ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಇದು ಟೈಪ್ ಒನ್ ಡಯಾಬಿಟಿಸ್. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಂಥದ್ದಲ್ಲ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ತಿರುಗಿಬಿದ್ದು, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡಿಬಿಟ್ಟಿದೆ. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಬದುಕಲು ನೋಡುತ್ತದೆ, ಅದರಿಂದ ರಕ್ತ ಆಮ್ಲವಾಗುತ್ತದೆ. ಅದಕ್ಕೇ ಆ ಉಸಿರು, ಆ ವಾಸನೆ.

"ಎಷ್ಟ ದಿವ್ಸ ಔಷಧ ಕೊಡಬೇಕ್ರಿ?" ಎಂದು ಅಜಿತ ಕೇಳಿದ.

"ಜೀವನಪೂರ್ತಿ ಇನ್ಸುಲಿನ್ ಬೇಕ್ರಿ. ಗುಳಿಗಿಯಿಂದ ಆಗೂದಿಲ್ಲ," ಎಂದರು ಡಾಕ್ಟರು.

ತ್ರಿಶಲಾ ಅಳಲಿಲ್ಲ. ಅಜಿತ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ವಾರ್ಡಿಗೆ ಬಂದ ಮೇಲೆ ಇನ್ಸುಲಿನ್ ಕೊಡುವುದನ್ನು ಕಲಿಸಲು ಒಬ್ಬ ನರ್ಸು ಬಂದಳು. ಹೆಸರು ರೇಣುಕಾ. ನನ್ನ ಮುಖ ನೋಡಿ, "ನೀವು ಖಾನಾಪುರ ಸಾಲಿ ಅಕ್ಕೋರ ಅಲ್ರೀ?" ಎಂದಳು. ಮೂರನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿ. ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮಗ ಸೊಸೆ ಕೆಲಸಕ್ಕೆ ಹೋದಾಗ ಮನೆಯಲ್ಲಿ ಇರುವವಳು ನಾನೇ ಆದ್ದರಿಂದ ಕಲಿಯುವವಳೂ ನಾನೇ. ಪೆನ್ನಿಗೆ ಸೂಜಿ ಹಾಕುವುದು, ಯೂನಿಟ್ ತಿರುಗಿಸುವುದು, ಹೊಟ್ಟೆಯ ಚರ್ಮ ಹಿಡಿದು ಚುಚ್ಚುವುದು, ಹತ್ತು ಎಣಿಸಿ ಹೊರಗೆ ತೆಗೆಯುವುದು. ಒಂದೇ ಸಲಕ್ಕೆ ಸರಿಯಾಗಿ ಮಾಡಿದೆ.

"ಶುಗರ್ ಕಮ್ಮಿ ಆದ್ರ ಲಗೂನ ಸಕ್ಕರಿ ಕೊಡಬೇಕ್ರಿ, ಕೈ ನಡುಗತಾವು, ಬೆವರು ಬರತೈತಿ," ಎಂದು ಹೇಳಿ, ಕೊನೆಗೆ, "ನಿಮಗ ನಾ ಹೆಚ್ಚಿಗಿ ಏನ ಹೇಳೂದೈತ್ರಿ ಅಕ್ಕೋರ, ನೀವ ನಮಗ ಕಲಿಸಿದವ್ರು," ಎಂದಳು. ನಾನೂ ಹೂಂ ಎಂದೆ.

ನಾನು ಕೇಳಿದ ಪ್ರಶ್ನೆ ಒಂದೇ. ಈ ಇನ್ಸುಲಿನ್ ಪ್ರಾಣಿಯಿಂದ ತೆಗೆದದ್ದೇನು? ಹಿಂದೆ ಹಾಗಿತ್ತು, ಈಗ ಇಲ್ಲ, ಪ್ರಯೋಗಾಲಯದಲ್ಲೇ ತಯಾರಾಗುತ್ತದೆ ಎಂದಳು. ಮನಸ್ಸು ಹಗುರಾಯಿತು. ಬೇರೆ ಏನು ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಮನೆಗೆ ಬರುವಾಗ ಒಂದು ಹಾಳೆ ಕೊಟ್ಟರು. ಬೆಳಿಗ್ಗೆ ಎಂಟು ಗಂಟೆ, ಹನ್ನೆರಡು ಯೂನಿಟ್. ರಾತ್ರಿ ಎಂಟು ಗಂಟೆ, ಎಂಟು ಯೂನಿಟ್. ಆಸ್ಪತ್ರೆಯಲ್ಲಿ ರಾತ್ರಿಯ ಊಟ ಬರುತ್ತಿದ್ದದ್ದು ಎಂಟೂವರೆಗೆ. ಅಲ್ಲಿ ಸಮು ಕತ್ತಲಲ್ಲೇ ಉಂಡಳು, ಆಸ್ಪತ್ರೆ ಅಂದರೆ ಆಸ್ಪತ್ರೆ ಎಂದು ನಾನೂ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ನಮ್ಮ ಪದ್ಧತಿ ನಮಗೆ. ಆರಕ್ಕೆ ನನ್ನ ಜೊತೆ ಕೂತು ಚಪಾತಿ, ಹೆಸರುಕಾಳು ಪಲ್ಯ, ಸ್ವಲ್ಪ ಅನ್ನ. ಎಂಟಕ್ಕೆ ಇನ್ಸುಲಿನ್. ಎಂಟು ಎಂದರೆ ಎಂಟು. ಶಾಲೆಯ ಗಂಟೆ ಹೊಡೆಸಿದ ಕೈ ಇದು, ಒಂದು ನಿಮಿಷ ಆಚೀಚೆ ಆಗಲು ಬಿಡಲಿಲ್ಲ.

ಊಟಕ್ಕಾಗಿ ಇನ್ಸುಲಿನ್, ಗಡಿಯಾರಕ್ಕಾಗಿ ಅಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನಗಳಲ್ಲಿ ರಾತ್ರಿ ಎಂಟಕ್ಕೆ ಬೆರಳು ಚುಚ್ಚಿದರೆ ಇನ್ನೂರ ತೊಂಬತ್ತು, ಮುನ್ನೂರ ಹತ್ತು ಬರುತ್ತಿತ್ತು. ಬರದೇ ಏನು, ಇನ್ಸುಲಿನ್ ಇಲ್ಲದೆ ಉಂಡು ಎರಡು ತಾಸಾಗಿರುತ್ತಿತ್ತು. ಆಸ್ಪತ್ರೆಗೆ ಫೋನು ಮಾಡಿದೆ. ರಾತ್ರಿ ಇನ್ಸುಲಿನ್ ಕೊಡುವ ಮೊದಲು ಮುನ್ನೂರ ಹತ್ತು ಇದೆ ಎಂದೆ. ಊಟಕ್ಕೆ ಮುಂಚಿನ ಲೆಕ್ಕ ಎಂದೇ ಅವರು ತಿಳಿದುಕೊಂಡರು, ಯಾರಾದರೂ ಹಾಗೇ ತಿಳಿಯುತ್ತಾರೆ. ಎರಡು ಯೂನಿಟ್ ಹೆಚ್ಚು ಮಾಡಿ ಎಂದರು. ಮಾಡಿದೆ.

ಆರನೆಯ ದಿನ ಸಮುಗೆ ಹಸಿವಿರಲಿಲ್ಲ. ಒಂದು ಚಪಾತಿ ತಿಂದು ಎದ್ದಳು. ಎಂಟಕ್ಕೆ ನೋಡಿದರೆ ನೂರ ಮೂವತ್ತೆಂಟು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆಗಷ್ಟೇ ಬಂದು ಅಡುಗೆಮನೆಯಲ್ಲಿ ಉಣ್ಣುತ್ತಿದ್ದ ತ್ರಿಶಲಾಳನ್ನು ಕೂಗಿ, "ಹತೋಟಿಗೆ ಬಂತು ನೋಡವಾ," ಎಂದೆ. ಹತ್ತು ಯೂನಿಟ್ ಪೂರ್ತಿ ಕೊಟ್ಟೆ.

ಒಂಬತ್ತೂವರೆಗೆ ತ್ರಿಶಲಾ ಮಗಳ ಹೊದಿಕೆ ಸರಿಮಾಡಲು ಹೋದಳು. ಅವಳು ನನ್ನನ್ನು ಕರೆದ ದನಿ ನಾನು ಹಿಂದೆಂದೂ ಕೇಳಿರಲಿಲ್ಲ.

ಸಮುವಿನ ಮೈ, ಅಂಗಿ, ದಿಂಬು ಎಲ್ಲ ಬೆವರಿನಿಂದ ತೊಯ್ದಿದ್ದವು. ಕಣ್ಣು ಅರ್ಧ ತೆರೆದಿತ್ತು, ಗುರುತು ಇರಲಿಲ್ಲ. ಕರೆದರೆ ಏನೋ ತೊದಲುತ್ತಿದ್ದಳು. ನಾನು ಸಕ್ಕರೆ ಡಬ್ಬಿ ತಂದೆ. ಅಷ್ಟೇ ನಾನು ಮಾಡಿದ್ದು. ತ್ರಿಶಲಾ ಅವಳನ್ನು ಮಗ್ಗುಲಾಗಿಸಿ, ಒದ್ದೆ ಮಾಡಿದ ಸಕ್ಕರೆಯನ್ನು ಬೆರಳಿನಿಂದ ವಸಡಿಗೆ ಸವರುತ್ತ ಸವರುತ್ತ, ಇನ್ನೊಂದು ಕೈಯಿಂದ ರಾತ್ರಿ ಪಾಳಿಯಲ್ಲಿದ್ದ ಅಜಿತನಿಗೆ ಫೋನು ಮಾಡಿದಳು. ಮೀಟರು ಮೂವತ್ತೆಂಟು ತೋರಿಸಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ನಾನು ದಾರಿಯುದ್ದಕ್ಕೂ ಣಮೋಕಾರ ಮಂತ್ರ ಹೇಳುತ್ತಿದ್ದೆ, ನಡುನಡುವೆ ಸಾಲುಗಳು ಮರೆತು ಹೋಗುತ್ತಿದ್ದವು.

ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಡಾಕ್ಟರು ನಮ್ಮ ಕಡೆ ತಿರುಗಿದರು.

"ರಾತ್ರಿ ಊಟ ಎಷ್ಟಕ್ಕ ಆಗಿತ್ರಿ?"

"ಆರಕ್ಕರಿ," ಎಂದೆ.

"ಇನ್ಸುಲಿನ್?"

"ಎಂಟಕ್ಕ. ನೀವ ಬರದು ಕೊಟ್ಟಂಗ, ಒಂದ ನಿಮಿಷ ತಪ್ಪಿಸಿಲ್ಲ."

"ಎಂಟರ ಮ್ಯಾಲ ಏನರ ತಿಂದ್ಲು?"

"ನಾವು ಹೊತ್ತು ಮುಳುಗಿದ ಮ್ಯಾಲ ತಿನ್ನೂದಿಲ್ರಿ."

ಅವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತ್ರಿಶಲಾ ನನ್ನನ್ನು ನೋಡಿದಳು, ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ನಮ್ಮ ಊಟದ ಹೊತ್ತಿನಲ್ಲಿ ದೋಷವೇನೂ ಇಲ್ಲ, ಬೇಗ ಉಣ್ಣುವುದು ಒಳ್ಳೆಯದೇ, ಆದರೆ ಇನ್ಸುಲಿನ್ ಕೊಟ್ಟ ಬೆನ್ನಿಗೇ ಊಟ ಆಗಬೇಕು, ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ತಾವೂ ಕೇಳಬೇಕಿತ್ತು ಎಂದರು ಡಾಕ್ಟರು. ಅದು ಅವರ ದೊಡ್ಡತನ. ಸೂಜಿ ಚುಚ್ಚಿದ ಕೈ ನನ್ನದು.

ಮರುದಿನ ಬೆಳಿಗ್ಗೆ ಸಮು ಎದ್ದು ಕೂತು ಹಾಲು ಕುಡಿಯುತ್ತಿದ್ದಳು. ನಾವಿಬ್ಬರೇ ಇದ್ದೆವು.

"ನಿನ್ನಿ ರಾತ್ರಿ ನಿನಗ ಏನೂ ಗೊತ್ತಾಗಲಿಲ್ಲೇನ?" ಎಂದು ಕೇಳಿದೆ.

"ಗೊತ್ತಾತಲ್ಲ. ಕೈ ನಡುಗಾಕತ್ತಿದ್ವು. ಭಾಳ ಹಸಿವಿ ಆಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಕತ್ತಲಾಗಿತ್ತಲ್ಲ ಆಯಿ."

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಗಡಿಯಾರದ ತಪ್ಪನ್ನು ಹೇಗೋ ತಡೆದುಕೊಳ್ಳಬಹುದಿತ್ತು, ಓದಿದವರೂ ತಪ್ಪುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಹಸಿದ ಕೂಸು ನಾನು ಎಚ್ಚರವಿದ್ದ ಮನೆಯಲ್ಲಿ, ನನ್ನ ಹೆದರಿಕೆಗೆ, ಬಾಯಿ ಬಿಡದೆ ಮಲಗಿ ಸಾಯಲು ಹೊರಟಿತ್ತು. ನಾನು ಯಾರಿಗೂ ಕತ್ತಲಲ್ಲಿ ತಿನ್ನಬೇಡಿ ಎಂದು ಒತ್ತಾಯ ಮಾಡಿದವಳಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಬಾಯಿಂದ ಹೇಳಿಲ್ಲ, ಖರೆ. ಆದರೆ ಇಡೀ ದಿನ ದುಡಿದು ಬಂದ ಸೊಸೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡು ಯಾಕೆ ಉಣ್ಣುತ್ತಿದ್ದಳು? ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಮ್ಮೆ ಅವಳ ತಟ್ಟೆಯ ಕಡೆ ನೋಡಿದ ನೋಟಕ್ಕೆ. ಹದಿಮೂರು ವರ್ಷದಿಂದ ಮುಚ್ಚುತ್ತಿದ್ದ ಆ ಬಾಗಿಲನ್ನು ನೋಡುತ್ತ ಬೆಳೆದ ಹುಡುಗಿಗೆ ಬೇರೆ ಪಾಠ ಬೇಕಾಗಿರಲಿಲ್ಲ.

ರೇಣುಕಾ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. "ನಾ ಕೇಳಬೇಕಿತ್ರಿ ಅಕ್ಕೋರ. ಕೇಳಿದ್ರ ನಿಮಗ ಹೆಂಗ ಅನಸತೈತೇನೋ ಅಂತ ಬಿಟ್ನಿ."

"ನೀ ಕೇಳಬೇಕಿತ್ತು. ನಾನೂ ಹೇಳಬೇಕಿತ್ತು," ಎಂದೆ. "ಈಗ ಮೊದಲಿಂದ ಕಲಿಸು. ನಾ ಅಕ್ಕೋರು ಅನ್ನೂದ ಮರತಬಿಡು. ತಪ್ಪಿದ್ರ ತಪ್ಪು ಅನ್ನು."

ಅರವತ್ತಾರರ ವಯಸ್ಸಿನಲ್ಲಿ ನೋಟುಬುಕ್ಕು ಹಿಡಿದು ಕೂತೆ. ಈಗ ಇನ್ಸುಲಿನ್ ದಿನಕ್ಕೆ ನಾಲ್ಕು ಸಲ. ಮೂರು ಊಟಕ್ಕೆ ಮೂರು, ಪ್ರತಿಯೊಂದೂ ತಟ್ಟೆ ಹಾಕುವ ಹೊತ್ತಿಗೆ. ನಾಲ್ಕನೆಯದು ಇಡೀ ದಿನಕ್ಕೆ ನಿಧಾನವಾಗಿ ಕೆಲಸ ಮಾಡುವಂಥದ್ದು, ಮಲಗುವ ಮುಂಚೆ. ಒಂದು ಚಪಾತಿಗೆ ಎಷ್ಟು, ಒಂದು ರೊಟ್ಟಿಗೆ ಎಷ್ಟು, ಒಂದು ವಾಟಗಾ ಬಟ್ಟಲು ಅನ್ನಕ್ಕೆ ಎಷ್ಟು. ಓಡಾಡಿದರೆ ಇಳಿಯುತ್ತದೆ, ಜ್ವರ ಬಂದರೆ ಏರುತ್ತದೆ. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು. ರೇಣುಕಾ ಮುಲಾಜಿಲ್ಲದೆ ಪರೀಕ್ಷೆ ಮಾಡಿದಳು, ನಾನು ಎರಡು ಪ್ರಶ್ನೆ ತಪ್ಪಿದೆ.

ಕಲಿತದ್ದೇನೋ ಆಯಿತು, ಆದರೆ ಪೆನ್ನು ಮಾತ್ರ ನನ್ನ ಕೈಗೆ ಬರಲಿಲ್ಲ.

ಬೆಳಗಿನದು ತ್ರಿಶಲಾಳೇ ಕೊಟ್ಟಳು. ಮಧ್ಯಾಹ್ನ ಸಮು ಶಾಲೆಯಲ್ಲಿ ಟೀಚರ ಎದುರು ತಾನೇ ಹಾಕಿಕೊಳ್ಳಲು ಕಲಿತಳು, ರಾತ್ರಿಯದೂ ತ್ರಿಶಲಾಳದೇ. ಸಂಜೆಯದಕ್ಕೆ ಬ್ಯಾಂಕಿನಲ್ಲಿ ಸಾಹೇಬರನ್ನು ಕೇಳಿಕೊಂಡು ಐದರ ಬಸ್ಸು ಹಿಡಿಯತೊಡಗಿದಳು. ಹಾಗೆ ಬಂದರೂ ಮನೆ ಮುಟ್ಟುವಾಗ ಆರೂವರೆ, ಒಮ್ಮೊಮ್ಮೆ ಏಳು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಸಮು ಅಮ್ಮನ ದಾರಿ ಕಾಯುತ್ತ ಹಸಿದು ಕೂರುತ್ತಿದ್ದಳು. ನಾನು ಒಬ್ಬಳೇ ಬೇಗ ಉಂಡು, ಆಮೇಲೆ ಅವರಿಬ್ಬರಿಗೆ ಬಿಸಿ ಚಪಾತಿ ಮಾಡುತ್ತಿದ್ದೆ. ನಲವತ್ತು ವರ್ಷದಲ್ಲಿ ಕತ್ತಲಾದ ಮೇಲೆ ನಾನು ಒಲೆ ಹಚ್ಚಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, "ನಡುಮನ್ಯಾಗ ಕುಂದರ್ರಿ," ಎಂದೆ. ತ್ರಿಶಲಾ ತಟ್ಟೆ ಹಿಡಿದು ಒಂದು ಕ್ಷಣ ನಿಂತು, ಆಮೇಲೆ ಬಂದು ಕೂತಳು.

ನಾನು ನನ್ನ ನೇಮ ಬಿಡಲಿಲ್ಲ. ಬಿಟ್ಟಿದ್ದರೆ ಕೇಳುವವರಿಗೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತೋ ಏನೋ. ನನ್ನ ನೇಮ ನನ್ನ ಹೊಟ್ಟೆಗೆ, ಇನ್ನೊಬ್ಬರ ಹೊಟ್ಟೆಗಲ್ಲ ಎಂಬಷ್ಟನ್ನು ಮಾತ್ರ ಕಲಿತೆ.

ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಸಮು ಬದುಕಿದ್ದಾಳೆ, ಅದಕ್ಕಿಂತ ಹೆಚ್ಚು ಏನು ಬೇಕು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆದರೂ ಫ್ರಿಜ್ಜಿನಲ್ಲಿ ಇನ್ಸುಲಿನ್ ಪೆನ್ನಿಟ್ಟ ಸ್ಟೀಲಿನ ಡಬ್ಬಿ ಕಂಡಾಗಲೆಲ್ಲ ಕೈ ಹಿಂದಕ್ಕೆ ಸರಿಯುತ್ತಿತ್ತು. ಕೊಡು ಎಂದು ಕೇಳಲು ಮುಖವಿರಲಿಲ್ಲ. ಕೇಳದಿದ್ದರೆ ಈ ಮನೆಯಲ್ಲಿ ನನ್ನನ್ನು ಇನ್ನು ಯಾರೂ ನಂಬುವುದಿಲ್ಲ ಎಂಬ ದುಃಖ.

ದೀಪಾವಳಿ ಕಳೆದ ಮೇಲೆ ಖಾನಾಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿ ಪೂಜೆ ಇತ್ತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ನೇಮದಲ್ಲಿ ನನಗಿಂತ ಹತ್ತು ಪಟ್ಟು. ಎಲ್ಲರ ಊಟ ಬೇಗ ಮುಗಿದಿತ್ತು. ಸಮುಗೆ ತ್ರಿಶಲಾ ಊಟಕ್ಕೆ ಮೊದಲು ಇನ್ಸುಲಿನ್ ಕೊಟ್ಟಿದ್ದಳು. ಆಮೇಲೆ ಹುಡುಗರ ಗುಂಪು ಅಂಗಳದಲ್ಲಿ ಓಡಾಡಿ ಗದ್ದಲ ಹಾಕಿತು. ಕತ್ತಲಾಗಿ, ಹೆಂಗಸರೆಲ್ಲ ಒಳಗೆ ಕೂತು ಭಜನೆ ಶುರು ಮಾಡಿದ್ದೆವು. ಸಮು ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳಿಚಿತ್ತು, ಕೈಯಲ್ಲಿ ಮೀಟರು. ಅಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದಳು. ಆದರೂ ಸಮು ಎಲ್ಲರಿಗೂ ಕೇಳುವ ಹಾಗೆ ನನ್ನನ್ನೇ ಕರೆದಳು.

"ಆಯಿ, ಐವತ್ತೆಂಟು ಬಂದೈತಿ. ಗ್ಲೂಕೋಸ್ ಕೊಡು."

ನಾನು ಎದ್ದೆ. ಚೀಲದಿಂದ ಪುಡಿ ತೆಗೆದು ನೀರಿಗೆ ಹಾಕಿ, ಅಲ್ಲೇ ಎಲ್ಲರ ನಡುವೆ ಕೂರಿಸಿಕೊಂಡು ಕುಡಿಸಿದೆ. ಭಜನೆ ನಿಂತಿತು.

"ಹೊತ್ತು ಮುಳುಗಿ ಎಷ್ಟೊತ್ತಾತು. ಅದೂ ದೇವರ ಮುಂದ," ಎಂದಳು ಅಕ್ಕ. "ಒಳಗರ ಕರಕೊಂಡ ಹೋಗಬಾರ್ದ?"

"ಹೊತ್ತು ನಾಳಿ ಮತ್ತ ಮೂಡತೈತಿ ಅಕ್ಕ," ಎಂದೆ. "ಈಕಿ ಇಲ್ಲೇ ಕುಡೀತಾಳ."

ಅಕ್ಕನಿಗೆ ಎದುರು ಮಾತಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಹದಿನೈದು ನಿಮಿಷ ಸಮುವಿನ ಕೈ ಬಿಡದೆ ಕೂತೆ. ಮತ್ತೆ ನೋಡಿದಾಗ ತೊಂಬತ್ತೆರಡು. ಎರಡು ಬಿಸ್ಕಿಟ್ ಕೊಟ್ಟೆ. ಅಕ್ಕ ಭಜನೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಸಮು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ತ್ರಿಶಲಾ ಕಿಟಕಿಯ ಹೊರಗೆ ನೋಡುತ್ತಿದ್ದವಳು ತಿರುಗದೆಯೇ ಹೇಳಿದಳು.

"ಅತ್ತಿ, ನಾಳಿಂದ ಸಂಜಿ ಇನ್ಸುಲಿನ್ ನೀವ ಕೊಡ್ರಿ."

ನಾನು ಸಮುವಿಗೆ ಸೆರಗು ಹೊದಿಸಿದೆ.

ಮರುದಿನ ಸಂಜೆ ಐದೂವರೆಗೆ ಡಬ್ಬಿ ತೆಗೆದೆ. ಬೆರಳು ಚುಚ್ಚಿ ನೋಡಿದೆ, ನೂರ ಇಪ್ಪತ್ತೊಂದು. ತಟ್ಟೆ ಹಾಕಿ ಅವಳ ಮುಂದಿಟ್ಟೆ. "ಎಷ್ಟ ತಿಂತಿ?" ಎಂದೆ. "ಎರಡ ಚಪಾತಿ, ಅರ್ಧ ವಾಟಗಾ ಅನ್ನ." "ಯಾವಾಗ ತಿಂತಿ?" "ಈಗ ಆಯಿ, ತಟ್ಟಿ ಮುಂದ ಐತಿ." ಯೂನಿಟ್ ತಿರುಗಿಸಿ, ಅವಳಿಗೂ ತೋರಿಸಿ, ಜೋರಾಗಿ ಓದಿಸಿದೆ. ಚುಚ್ಚಿ ಹತ್ತು ಎಣಿಸಿದೆ. ಆಮೇಲೆ ಎದುರಿಗೆ ಕೂತು ಒಂದೊಂದು ತುತ್ತು ನೋಡಿದೆ. ಅವಳು ಶಾಲೆಯ ಸುದ್ದಿ ಹೇಳುತ್ತ, ಯಾರದೋ ನಕಲು ಮಾಡುತ್ತ, ಬೇಕೆಂದೇ ಸಾವಕಾಶ ಉಂಡಳು. ನಾನು ಗದರಿಸಲಿಲ್ಲ. ಕೊನೆಯ ತುತ್ತು ಹೋದ ಮೇಲೆ ತ್ರಿಶಲಾಳಿಗೆ ಫೋನು ಮಾಡಿದೆ.

"ಕೊಟ್ನಿ. ಪೂರಾ ಉಂಡ್ಳು," ಎಂದೆ.

ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು. "ನೀವು ಉಂಡ್ರಿ, ಅತ್ತಿ?" ಎಂದಳು.

ಕಿಟಕಿಯ ಕಡೆ ನೋಡಿದೆ. ಬೀದಿಯ ದೀಪ ಹತ್ತಿತ್ತು. ಹೊತ್ತು ಮುಳುಗಿತ್ತು.

"ಇಲ್ಲವಾ," ಎಂದೆ, "ಮರತಬಿಟ್ಟೆ."

ಆ ರಾತ್ರಿ ಹಸಿದೇ ಮಲಗಿದೆ. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.